ಹಗ್ಗದ ಸಾಲೆ

ಅಪ್ಪ ಹಿಂದೆ ಹಿಂದೆಯೇ ನಡೆಯುತ್ತಿದ್ದ,
ಸೊಂಟಕ್ಕೆ ಸುತ್ತಿದ ಸೆಣಬಿನ ಕಂತೆಯಿಂದ
ಎಳೆ ಬಿಡುತ್ತ, ಬೆರಳಲ್ಲೇ ಹದ ನೋಡುತ್ತ,
ಮುನ್ನೂರು ಹೆಜ್ಜೆ, ಸಾಲೆಯ ಆ ತುದಿಯವರೆಗೆ.
ಈ ತುದಿಯಲ್ಲಿ ಚಕ್ರ ತಿರುಗಿಸುವವಳು ನಾನು.
ಏಳೋ ಎಂಟೋ ವಯಸ್ಸು; ಬರೆದಿಟ್ಟವರಿಲ್ಲ.
ನೋಡನೋಡುತ್ತ ಅವನ ಮುಖ ಚಿಕ್ಕದಾಗುತ್ತಿತ್ತು,
ಬೊಗಸೆಯಷ್ಟು, ಜೋಳದ ಕಾಳಿನಷ್ಟು.
ಕಣ್ಣು ಮಾತ್ರ ನನ್ನ ಮೇಲೆಯೇ.

ಆಮೇಲೆ ಲೆಕ್ಕ ಹಾಕಿದ್ದೇನೆ: ದಿನಕ್ಕೆ ಹದಿನೆಂಟು ಮೈಲಿ.
ಕೆಂಟಕಿಯ ಗಡಿ ಒಮ್ಮೆಯೂ ದಾಟದೆ
ಭೂಮಿಗೆ ಎರಡು ಸುತ್ತು ಹಾಕಿದ್ದ,
ಹೋಗುವ ಕಡೆಗೆ ಬೆನ್ನು ಮಾಡಿ.

ನಾವು ಹೊಸೆದದ್ದು ದೋಣಿಯೇರಿ ದಕ್ಷಿಣಕ್ಕೆ ಹೋಗುತ್ತಿತ್ತು
ಹತ್ತಿಯ ಮೂಟೆ ಬಿಗಿಯಲು.
ಆ ಹತ್ತಿ ಬಿಡಿಸುವ ಕೈಗಳಲ್ಲಿ ಎರಡು ನನ್ನಣ್ಣ ಎನೋಸನವು.
ಹ್ಯಾಗಿನ್ ದೊರೆಸಾನಿಗೆ ಪಿಯಾನೋ ಬೇಕೆನಿಸಿದ ವರ್ಷ
ಅವನನ್ನು ಮಾರಿದ್ದು.
ಸಂಜೆ ಅದು ನುಡಿದಾಗಲೆಲ್ಲ
ಅಮ್ಮ ನೀರಿಗೆಂದು ಬಾವಿಗೆ ಹೋಗುತ್ತಿದ್ದಳು,
ಬಾನಿ ತುಂಬಿದ್ದರೂ.

ಜನಗಣತಿಯ ಗುಮಾಸ್ತ ಬಂದ, ಜಗಲಿಯಲ್ಲಿ ಕೂತು ಬರೆದ:
ಗಂಡು, ನಲವತ್ತು, ಕಪ್ಪು.
ಹೆಣ್ಣು, ಮೂವತ್ತಾರು, ಕಪ್ಪು.
ಹೆಣ್ಣು, ಎಂಟು.
ಹೆಸರಿಗೆ ಆ ಕಾಗದದಲ್ಲಿ ಮನೆಯೇ ಇರಲಿಲ್ಲ.
ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ಹೋದ.

ಮರುವರ್ಷ ಊಟದ ಮೇಜಿನ ಮೇಲೆ ಯುದ್ಧ ಶುರುವಾಯಿತು.
ನಾನು ನವಿಲುಗರಿಯಿಂದ ನೊಣ ಓಡಿಸುತ್ತಿದ್ದೆ.
ದೊಡ್ಡವನು ಲೂಷಿಯಸ್ ಅಂದ: ಹಕ್ಕು, ರಾಜ್ಯ, ಗೌರವ.
ಚಿಕ್ಕವನು ವಾರ್‌ಫೀಲ್ಡ್ ಅಂದ: ಒಕ್ಕೂಟ, ಸಂವಿಧಾನ, ಬಾವುಟ.
ಅಷ್ಟು ದೊಡ್ಡ ಮಾತುಗಳ ನಡುವೆ
ಆ ಒಂದು ಚಿಕ್ಕ ಮಾತನ್ನು ಯಾರೂ ಬಡಿಸಿಕೊಳ್ಳಲಿಲ್ಲ;
ಅದು ಗರಿ ಹಿಡಿದು ಪಕ್ಕದಲ್ಲೇ ನಿಂತಿತ್ತು.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂದ ಯಜಮಾನ.
ಹಾವು ಯಾರೆಂದು ಹೇಳಲಿಲ್ಲ.

ದೊರೆಸಾನಿ ಒಂದೇ ಉಂಡೆಯ ಉಣ್ಣೆಯಲ್ಲಿ
ಎರಡು ಜೊತೆ ಕಾಲುಚೀಲ ಹೆಣೆದಳು.
ಒಂದು ಬೂದು ಬಟ್ಟೆಯೊಡನೆ ದಕ್ಷಿಣಕ್ಕೆ ಹೋಯಿತು,
ಇನ್ನೊಂದು ನೀಲಿಯೊಡನೆ ನದಿ ದಾಟಿತು.
ಹೊರಡುವಾಗ ನೀಲಿಯವನು ಅಪ್ಪನಿಗೆ ಹೇಳಿದ:
‘ಇದು ನಿಮಗಾಗಿ ಅಲ್ಲ, ತಿಳಿಯಿತಾ?’
ತಿಳಿಯಿತು, ಅಂದ ಅಪ್ಪ. ಎಳೆ ಬಿಡಲಿಲ್ಲ.

ಮೂರು ವರ್ಷ.
ಹೊಸೆದದ್ದು ಕೊಳ್ಳುವವರಿಲ್ಲದೆ ಸಾಲೆಯಲ್ಲೇ ಸುರುಳಿ ಬಿದ್ದಿತ್ತು.
ಒಂದು ಜೂನ್ ರಾತ್ರಿ ಅಪ್ಪ ಕಂತೆ ಬಿಚ್ಚಿ ಗೂಟಕ್ಕೆ ತೂಗುಹಾಕಿ
ಬಾಗಿಲ ಕಡೆಗೆ ತಿರುಗಿದ.
ಅವನು ಮುಂದಕ್ಕೆ ನಡೆದದ್ದನ್ನು ಕಂಡದ್ದು ಆವತ್ತೇ,
ಅವನ ಬೆನ್ನು ಕಂಡದ್ದೂ.
ಅದರ ಮೇಲೆ ಏನೇನು ಬರೆದಿದ್ದರೋ
ಕತ್ತಲಲ್ಲಿ ಓದಲಾಗಲಿಲ್ಲ.

ದಂಡಿನ ಪಾಳೆಯದಲ್ಲಿ ಹೆಸರು ಕೇಳಿದರಂತೆ.
ಇಸಾಕರ್.
ಮನೆತನ?
ಹ್ಯಾಗಿನ್ ಎಂದು ಗೀಚಹೊರಟ ಪೆನ್ನಿಗೆ ಕೈ ಅಡ್ಡ ಹಿಡಿದು
ವಾಕರ್, ಅಂದನಂತೆ. ನಡೆಯುವವನು.

ನಾವೂ ಹಿಂದೆಯೇ ಹೋದೆವು, ಪಾಳೆಯದ ಅಂಚಿಗೆ ಗುಡಿಸಲು ಹಾಕಿದೆವು.
ನವೆಂಬರಿನಲ್ಲಿ ನೀಲಿ ಬಟ್ಟೆಯವರೇ ಬಂದರು,
ಗುಡಿಸಲು ಕಿತ್ತರು, ನಮ್ಮನ್ನು ಗಾಡಿಗೆ ತುಂಬಿ
ಹೆಪ್ಪುಗಟ್ಟಿದ ದಾರಿಯಲ್ಲಿ ಬಿಟ್ಟರು.
ತಮ್ಮ ಟೋಬಾಯಸ್ ಬೆಳಗಿನ ತನಕ ಕೆಮ್ಮಿದ.
ಆಮೇಲೆ ಕೆಮ್ಮಲಿಲ್ಲ.
ಅಪ್ಪ ಅದೇ ನೀಲಿ ಅಂಗಿ ತೊಟ್ಟು ಕುಣಿ ತೋಡಿದ.
ಇದನ್ನು ಯಾವ ಕಡೆಗೆ ಬರೆದುಕೊಳ್ಳಬೇಕೋ
ನನಗೆ ಇವತ್ತಿಗೂ ಗೊತ್ತಿಲ್ಲ.

ದೇಶ ಮತ್ತೆ ಒಂದಾಯಿತು ಅಂತಾರೆ.
ಹುರಿ ಬಿಚ್ಚಿದ ಹಗ್ಗವನ್ನು ಮತ್ತೆ ಹೊಸೆಯಬಹುದು,
ನಾನೇ ಹೊಸೆದಿದ್ದೇನೆ;
ಎಳೆ ತನ್ನ ಹಳೆಯ ಸುಕ್ಕು ಬಿಡುವುದಿಲ್ಲ.
ಲೂಷಿಯಸ್ ಒಂದು ಕಾಲಿನೊಂದಿಗೆ ಬಂದ.
ವಾರ್‌ಫೀಲ್ಡ್ ಬರಲಿಲ್ಲ.
ಎನೋಸನಿಗಾಗಿ ಅಮ್ಮ ಪತ್ರಿಕೆಗೆ ಮೂರು ಸಲ ಬರೆಸಿದಳು.

ಎಪ್ಪತ್ತರಲ್ಲಿ ಮತ್ತೆ ಗಣತಿ. ಬೇರೆ ಗುಮಾಸ್ತ, ಅದೇ ಮೀಸೆ.
ಹೆಸರು?
ಕೆಜಾಯ ವಾಕರ್, ಅಂದೆ.
ತಪ್ಪಾಗಿ ಬರೆದ.
ಅವನ ಪಕ್ಕಕ್ಕೆ ಹೋಗಿ ನಿಂತು
ಒಂದೊಂದೇ ಅಕ್ಷರ ಹೇಳಿ ತಿದ್ದಿಸಿದೆ.