ಬಲದಿಂದ ಎಡಕ್ಕೆ ಒಂದು ಚೀಟಿ

ಕೂತುಕೋ ಸೀರತ್, ಇಟಾಲಿಯನ್ ಪಾಠ ಆಮೇಲೆ.
ಹಾಲಿನ ಲೆಕ್ಕದ ಈ ಹಾಳೆಯ ಬೆನ್ನಿಗೆ
ಒಂದು ಅಕ್ಷರ ಬರೆದಿದ್ದೇನೆ ನೋಡು: ಊಡಾ.
ಊಡಾ ಅಂದರೆ ಊಠ್, ಒಂಟೆ.
ನೀನು ಒಂಟೆ ಕಂಡವಳಲ್ಲ, ಸರಿ,
ನಾನೂ ನಕೋದರದಲ್ಲಿ ಒಂದೇ ಒಂದು ಸಲ ಕಂಡದ್ದು,
ಅದೂ ಕುಂಟುತ್ತಿತ್ತು.
ಒಟ್ಟು ಮೂವತ್ತೈದು.
ಹೆಚ್ಚಿನವು ಒಂದು ಗೆರೆಗೆ ಜೋತುಬಿದ್ದಿವೆ,
ಹೊರಗೆ ತಂತಿಯ ಮೇಲೆ ಮಂಜಿಗೆ ಸೆಟೆದ
ನಿನ್ನಜ್ಜಿಯ ದುಪಟ್ಟಾಗಳ ಹಾಗೆ.

ಈಗ ಬಾಯಿ ತೆಗೆ. ಕೋಡಾ ಅನ್ನು.
ದನಿ ಸಮವಾಗಿದ್ದರೆ ಅದು ಚಾಟಿ.
ಮೆಟ್ಟಿಲುಬಾವಿಗೆ ಇಳಿದ ಹಾಗೆ ಇಳಿದರೆ, ಕುದುರೆ.
ಏಣಿ ಹತ್ತಿಬಿಟ್ಟರೆ ಕುಷ್ಠರೋಗಿ.
ನಗಬೇಡ ಪುತ್ತ್,
ದಿಬ್ಬಣದಲ್ಲಿ ಮದುಮಗ ಏನನ್ನು ಏರಿ ಬಂದ ಅನ್ನುವುದು
ನಿನ್ನ ಗಂಟಲ ಕೈಯಲ್ಲಿದೆ.
ಬರೆಯುವಾಗ ಕುದುರೆಗೆ ಮಹಾಪ್ರಾಣವುಂಟು.
ಬಾಯಿಗೆ ಬರುವಷ್ಟರಲ್ಲಿ ಆ ಉಸಿರು ಹೋಗಿರುತ್ತದೆ,
ಹೋದ ಜಾಗದಲ್ಲಿ ಒಂದು ತಗ್ಗು ಮಾತ್ರ.

ಇದು ಅಧಕ್. ಅಕ್ಷರದ ನೆತ್ತಿಗೆ ಅರ್ಧ ಚಂದ್ರ.
ಕಂಡ ಕೂಡಲೇ ಮುಂದಿನದನ್ನು ಒತ್ತಿ ಹಿಡಿ,
ಹಟಮಾರಿ ಕರುವಿನ ಹಗ್ಗ ಹಿಡಿದಂತೆ.
ಪತ್ತಾ ಅಂದರೆ ಎಲೆ.
ಚಂದ್ರನನ್ನು ಮರೆತೆಯೋ, ಪತಾ,
ಎಲೆ ಹೋಗಿ ವಿಳಾಸ ಆಗುತ್ತದೆ.
ಕಲ್ಲ್ ಅಂದರೆ ನಾಳೆ. ಕಲ್ಲ್ ಅಂದರೆ ನಿನ್ನೆ.
ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಅಂದೆಯಾ?
ವಾಕ್ಯ ಮುಗಿಯುವ ತನಕ ಕಾಯಬೇಕು.

ಇನಾಯತ್ ಚಾಚಾ ನೆನಪಿದ್ದಾನಲ್ಲ?
ಹನ್ನೊಂದು ಚಳಿಗಾಲ ನನ್ನ ಪಕ್ಕದಲ್ಲಿ ಹಾಲು ಕರೆದವನು.
ಲಾಯಲ್‌ಪುರದ ಹತ್ತಿರದ ಹಳ್ಳಿ ಅವನದು;
ನಾವು ಹುಟ್ಟುವ ಮೊದಲೇ ಯಾರೋ ನಡುವೆ ಗೆರೆ ಎಳೆದಿದ್ದರು.
ಬೆಳಗಿನ ಜಾವ ಮೂರಕ್ಕೆ, ಪೋ ನದಿಯ ಮಂಜಿನಲ್ಲಿ,
ಕೊಟ್ಟಿಗೆಯ ಯಂತ್ರದ ಗದ್ದಲದ ಮೇಲೆ
ಅವನು ಬೈದದ್ದು ನನಗೆ, ನಾನು ಬೈದದ್ದು ಅವನಿಗೆ,
ಒಂದು ಹನಿಯೂ ಚೆಲ್ಲದೆ ತಲುಪುತ್ತಿತ್ತು.

ಮಾರ್ಚಿಯಲ್ಲಿ ಎದೆ ಹಿಡಿದು ಕುಸಿದ.
ಕ್ರೆಮೋನಾದ ಆಸ್ಪತ್ರೆಯಿಂದ ಮಗನ ಕೈಲಿ ಒಂದು ಚೀಟಿ.
ಬಿಡಿಸಿದೆ. ಬಲದಿಂದ ಎಡಕ್ಕೆ,
ಇಳಿಜಾರಿನಲ್ಲಿ ಸಾಲುಗಟ್ಟಿದ ಇರುವೆಗಳು.
ಒಂದಕ್ಷರ ತಿಳಿಯಲಿಲ್ಲ.
ಹನ್ನೊಂದು ವರ್ಷ ನಾವು ಮಾತಾಡಿದ್ದೆವೇ ಹೊರತು
ಒಬ್ಬರಿಗೊಬ್ಬರು ಬರೆದಿರಲಿಲ್ಲ.
ಮಗನಿಗೂ ಬಾರದು, ಅವನೂ ನಿನ್ನ ಶಾಲೆಯವನೇ.

ಸೈಕಲ್ ತುಳಿದೆ, ರೈಲ್ವೆ ಸ್ಟೇಷನ್ನಿನ ಎದುರಿಗೆ
ಫೋನ್ ಕಾರ್ಡು ಮಾರುವ ಅಲ್ಲಾ ದಿತ್ತಾನ ಅಂಗಡಿಗೆ.
ದಾರಿಯುದ್ದಕ್ಕೂ ಹೆದರಿಕೆ,
ಸಾಲದ ಮಾತೋ, ಸಾವಿನ ಮಾತೋ, ಎಂದು.
ಕನ್ನಡಕ ಏರಿಸಿ ಅವನು ಗಟ್ಟಿಯಾಗಿ ಓದಿದ:

*ಸುಚ್ಚಿಯಾ, ಬಿಳಿ ಹಣೆಯವಳ ಹಿಂದಿನ ಎಡ ಮೊಲೆಗೆ ಬಾವು.
ಮೊದಲು ಕೈಯಲ್ಲಿ ಕರೆ, ಮೆಲ್ಲಗೆ,
ಆಮೇಲೆ ಯಂತ್ರ ಹಾಕು.
ಮಾಲೀಕನ ಕಿವಿಗೆ ಹಾಕಬೇಡ, ಮಾರಿಬಿಡುತ್ತಾನೆ.
ನಾನು ಕಲ್ಲ್ ಬರುತ್ತೇನೆ.*

ಇಷ್ಟೇ.
ಬಾವಿಗೆ ಅವನು ಬರೆದ ಶಬ್ದ
ನನ್ನ ಬೇಬೆ, ಅಂದರೆ ಅಮ್ಮ,
ಎಮ್ಮೆಯ ಕೆಚ್ಚಲಿಗೆ ಅರಿಸಿನ ಹಚ್ಚುತ್ತಾ ಆಡುತ್ತಿದ್ದ ಶಬ್ದ.
ನಲವತ್ತು ವರ್ಷವಾಗಿತ್ತು ಅದು ಕಿವಿಗೆ ಬಿದ್ದು.
ಅಲ್ಲಾ ದಿತ್ತಾನಿಗೆ ಇನ್ನೊಮ್ಮೆ ಓದು ಅಂದೆ.
ಹಿಂದೆ ಗಿರಾಕಿಗಳು ಕಾಯುತ್ತಿದ್ದರು.
ಆದರೂ ಓದಿದ.

ಬಿಳಿ ಹಣೆಯವಳು ಇದ್ದಾಳೆ.
ಈ ಹಾಳೆ ತಿರುಗಿಸು, ಏಳನೆಯ ಸಾಲು:
ಇವತ್ತು ಇಪ್ಪತ್ತೆಂಟು ಲೀಟರು.

ಚಾಚಾ ಬಂದನಾ ಅಂತ ಕೇಳಬೇಡ.
ಪೆನ್ಸಿಲ್ ತಗೋ. ಕಲ್ಲ್ ಬರೆ.
ಹಾಗಲ್ಲ,
ನೆತ್ತಿಯ ಮೇಲಿನ ಚಂದ್ರ
ಮರೆತೆ ನೋಡು.