ಅಳತೆ

ಸುಂಕೇರಿಯ ಪಿಯೆದಾದ್ ಬಾಯಿ ಚಾಪೆ ಹಾಸಿ
ತಾನೇ ಮಲಗಿದಳು, ಕೈ ಜೋಡಿಸಿ ಎದೆಯ ಮೇಲೆ.
"ಹಿಡಿ ಟೇಪು. ಭುಜದ ಹತ್ತಿರ ಬಿಗಿ ಆಗಬಾರದು,
ನಮ್ಮ ಸಾಂತಾನನಿಗೆ ಹಾಗೇ ಆಯ್ತು,
ಓರೆ ಮಾಡಿ ತುರುಕಿದರು."

ಹಲಸು ಬೇಡ, ದುಬಾರಿ. ಮಾವು ಸಾಕು,
ಗೆದ್ದಲಿಗೂ ಬೇಗ ಕೆಲಸ ಮುಗೀಬೇಕಲ್ಲ.
ಅಲ್ಲಿಯತನಕ ಅದರಲ್ಲಿ ಕುಚ್ಚಲಕ್ಕಿ ತುಂಬಿಡುತ್ತಾಳಂತೆ,
ಇಲಿ ನುಗ್ಗದಂತೆ ಮುಚ್ಚಳಕ್ಕೆ ತಗಡು ಬಡಿಯಬೇಕಂತೆ.
ಮುಂಗಡ ಐನೂರು, ಮೇಲೆ ಒಂದು ಲೋಟ ಕಪ್ಪು ಚಹಾ.

ನಮ್ಮಲ್ಲಿ ಹಾಗಿಲ್ಲ.
ಉಸಿರು ನಿಂತ ಮೇಲೇ ಕಟ್ಟಿಗೆಯ ಮಾತು,
ಮೊದಲೇ ಬಿದಿರು ಕಡಿದರೆ ಯಮನಿಗೆ ಕರೆಯೋಲೆ.
ಅಪ್ಪನ ರಿಪೋರ್ಟು ಪಂಚಾಂಗದ ಹಿಂದೆ ಸೇರಿ ಮೂರು ತಿಂಗಳು.
ಕಾರವಾರದ ಡಾಕ್ಟರು ವರಾಂಡದಲ್ಲಿ ಹೇಳಿದ್ದನ್ನು
ಬಾವ ಅಕ್ಕನಿಗೆ, ಅಕ್ಕ ನನಗೆ, ನಾನು ಗೋಡೆಗೆ.
ಬಂದವರೆಲ್ಲ "ದೀಪಾವಳಿಗೆ ಎದ್ದು ಓಡಾಡ್ತೀರಿ" ಎಂದು
ಎಳನೀರು ಇಟ್ಟು ಹೋಗುತ್ತಾರೆ.
ಮಂಚದ ಕೆಳಗೆ ಕಾಯಿಗಳು ಒಣಗುತ್ತಿವೆ.

ಸಂಜೆ ಶರ್ಟು ಗೂಟಕ್ಕೆ ಹಾಕುವಾಗ
ಕಿಸೆಯಿಂದ ಬೀಡಿಕಟ್ಟಿನ ಕಾಗದ ಜಾರಿತು.
ಅಪ್ಪ ಕೈಚಾಚಿ ಎತ್ತಿಕೊಂಡ.
ನಲವತ್ತು ವರ್ಷ ಗೆರೆ ಎಳೆದ ಕಣ್ಣು, ಕನ್ನಡಕ ಬೇಕಿಲ್ಲ.
"ಏನಿದು?"
"ಕಪಾಟು."
"ಕಪಾಟಿಗೆ ಭುಜ ಯಾವಾಗ ಬಂತೋ?"

ಒಲೆಯ ಮುಂದೆ ಅಕ್ಕನ ಸೌಟು ನಿಂತಿತು.
ಅಪ್ಪ ಕಿವಿಯ ಸಂದಿಯಿಂದ (ಈಗಲೂ ಇಡುತ್ತಾನೆ)
ಪೆನ್ಸಿಲ್ ತೆಗೆದು ಒಂದು ಅಂಕಿ ತಿದ್ದಿದ.
"ಮಾವು ಅಂತ ಬರೆದಿದ್ದೀಯ. ಮಳೆಗಾಲಕ್ಕೆ ಉಬ್ಬುತ್ತದೆ.
ಎರಡು ಬೆರಳು ಜಾಗ ಬಿಡು."

ಆಮೇಲೆ, ಬಹಳ ಹೊತ್ತಿನ ಮೇಲೆ,
"ಆ ಎಳನೀರು
ಬಾಯಾರಿದವರಿಗೆ ಯಾರಿಗಾದರೂ ಕೊಡು ಮಾರಾಯ."