ಹತ್ತಕ್ಕೆ ಎಷ್ಟು

ಮೂವತ್ತೊಂದು ವರ್ಷ ಜಾಲಹಳ್ಳಿಯ ಕಾರ್ಖಾನೆಯಲ್ಲಿ
ಮೀಟರುಗಳು ಸುಳ್ಳು ಹೇಳುತ್ತವೆಯೇ ಎಂದು
ನೋಡುವುದೇ ನನ್ನ ಕೆಲಸವಾಗಿತ್ತು.
ಮುಳ್ಳು ಒಂದು ಗೆರೆ ಆಚೆ ನಿಂತರೂ
ಚೀಟಿ ಅಂಟಿಸಿ ವಾಪಸ್ಸು ಕಳಿಸುತ್ತಿದ್ದೆ.
ಅಂಥವನು ನಿವೃತ್ತಿಯ ದುಡ್ಡಲ್ಲಿ
ಒಂದು ಆಂಪ್ಲಿಫೈಯರ್ ಕೊಳ್ಳಹೊರಟರೆ
ಗ್ರಾಫು ನೋಡದೆ ಬಿಡುತ್ತಾನೆಯೆ?

ಎಸ್.ಪಿ. ರಸ್ತೆಯ ಒಳಗಲ್ಲಿ. ಭುಜ ಓರೆಮಾಡಿ
ಹತ್ತಬೇಕಾದ ಮೆಟ್ಟಿಲು. ಮೇಲೆ ಖಲಂದರ್ ಸಾಬರ ಅಂಗಡಿ.
ಎರಡು ಪೆಟ್ಟಿಗೆ ಇಟ್ಟರು ಮುಂದೆ.
ಒಂದು ಕರಿಯದು, ಇಟ್ಟಿಗೆಗಿಂತ ತುಸು ದೊಡ್ಡದು.
ಡಿಸ್ಟಾರ್ಷನ್: ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಎರಡು.
ಓದಿದೊಡನೆ ತಲೆಗೆ ನೀರು ಹಾಕಿಕೊಂಡಷ್ಟು ಹಾಯೆನಿಸಿತು.
ಇನ್ನೊಂದು ವಾಲ್ವಿನದು. ನಾಲ್ಕು ಗಾಜಿನ ಬುರುಡೆ,
ಒಳಗೆ ಬೀದಿಬದಿಯ ಇಸ್ತ್ರಿಪೆಟ್ಟಿಗೆಯ ಕೆಂಡದ ಬೆಳಕು.
ಅದರ ಅಂಕಿ ಎಷ್ಟೆಂದೆ. ಸಾಬರು,
ಫೇಲಾದ ಮಗನ ಮಾರ್ಕ್ಸು ಹೇಳುವ ಹಾಗೆ, ಮೆಲ್ಲಗೆ:
"ಎರಡು ಪರ್ಸೆಂಟು. ಆದರೆ ಕೇಳಿ ನೋಡಿ ಸಾರ್."

ಕೇಳಿ ನೋಡಿ!
ನಮ್ಮ ಮಾತಿನಲ್ಲೇ ಇದೆ ಈ ತಕರಾರು.
ಕೇಳಿ ನೋಡು, ಮೂಸಿ ನೋಡು, ಮುಟ್ಟಿ ನೋಡು,
ಉಪ್ಪು ಸಾಕೇ ಎಂದು ನೆಕ್ಕಿ ನೋಡು.
ಕಿವಿ ಮೂಗು ನಾಲಗೆ ಏನೇ ಹೇಳಲಿ
ಕೊನೆಯ ರುಜು ಕಣ್ಣಿನದೇ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಅನ್ನುತ್ತಿದ್ದಳು ಅಜ್ಜಿ.
ಕಂಡದ್ದಕ್ಕೇ ಹೀಗಾದರೆ
ಕೇಳಿದ್ದರ ಪಾಡೇನು?

ಹೊರಬಂದರೆ ಕಾಲು ಬಳೆಪೇಟೆಗೆ ತಿರುಗಿತು.
ಅರುಳಪ್ಪ ಮೃದಂಗದ ಬಲಮುಖಕ್ಕೆ ಕರಣೆ ಹಾಕುತ್ತಿದ್ದ.
ಅನ್ನ, ಕಿಟ್ಟದ ಪುಡಿ. ಒಂದು ಚಿಟಿಕೆ, ಕಲ್ಲಿನ ಉಜ್ಜು.
ಮತ್ತೊಂದು ಚಿಟಿಕೆ, ಬೆರಳಿನ ತಟ್ಟು.
"ಎಷ್ಟು ಪದರ ಹಾಕ್ತೀಯಪ್ಪ?"
"ಸಾಕು ಅನ್ನೋವರೆಗೆ."
"ಯಾರು ಅನ್ನೋದು?"
ಅವನು ಗಲ್ಲವೆತ್ತಿ ಮೃದಂಗವನ್ನೇ ತೋರಿಸಿದ.
ಆಹಾ, ಇತ್ಯರ್ಥವಾಯಿತು ಎಂದುಕೊಳ್ಳುವಷ್ಟರಲ್ಲಿ
ಅವನ ಜೇಬಿಂದ ಫೋನು ಬಂತು, ಶ್ರುತಿ ತೋರಿಸುವ ಹಸಿರು ಗೆರೆ.
"ಗಿರಾಕಿಗೆ ಬೇಕು ಸಾರ್," ಅಂದ.
ಆಮೇಲೆ, ತಟ್ಟುತ್ತಲೇ, "ಸಂಜೆಯಾದರೆ ನನಗೂ."

ನನ್ನ ಕಿವಿಯದೂ ಒಂದು ಗ್ರಾಫಿದೆ, ಜಯನಗರದ ಆಸ್ಪತ್ರೆಯದು.
ಗಾಜಿನ ಗೂಡಲ್ಲಿ ಕೂರಿಸಿ ಗುಂಡಿ ಕೊಟ್ಟಿದ್ದರು,
ಕೇಳಿಸಿದಾಗ ಒತ್ತಿ ಎಂದು.
ಏನೂ ಇಲ್ಲದಾಗಲೂ ಎರಡು ಸಲ ಒತ್ತಿದೆನಂತೆ.
ಆರು ಸಾವಿರದಾಚೆ ಗೆರೆ
ಗವಿಪುರದ ಇಳಿಜಾರಿನ ಹಾಗೆ ಜಾರಿದೆ.
ಚೀಟಿ ಅಂಟಿಸಿ ವಾಪಸ್ಸು ಕಳಿಸಬೇಕಾದ ಮಾಲು.
ಕಳಿಸುವುದೆಲ್ಲಿಗೆ?

ಭಾನುವಾರಕ್ಕೆಂದು ಎರಡನ್ನೂ ಕಡ ಕೊಟ್ಟರು ಸಾಬರು.
ಸದ್ದು ಸಮ ಇರಲೆಂದು ಮೀಟರು ಹಿಡಿದು ಹೊಂದಿಸಿದೆ,
ಕಾಲು ಡೆಸಿಬೆಲ್ಲೂ ಆಚೀಚೆ ಇಲ್ಲ.
ಹಾಲ್‌ನಲ್ಲಿ ಅಡ್ಡ ಕಟ್ಟಿದ ಹೊದಿಕೆಯ ಹಿಂದೆ ವಾರಿಜ,
ತಂತಿ ಬದಲಿಸಿ ಬದಲಿಸಿ
ಕರೆಂಟ್ ಬಿಲ್ಲಿನ ಬೆನ್ನಿಗೆ ಗೀಟು ಹಾಕುತ್ತ.
ಚಾಮರಾಜಪೇಟೆಯ ಚಪ್ಪರದಲ್ಲಿ ಯಾರೋ ಹಿಡಿದಿಟ್ಟ ಟೇಪು,
ಅದೇ ಆಲಾಪನೆ, ಹತ್ತು ಸಲ.
ಹತ್ತಕ್ಕೆ ಐದು ಸರಿ ಹೇಳಿದೆ.
ನಾಣ್ಯ ಚಿಮ್ಮಿದ್ದರೂ ಅಷ್ಟೇ ಸಿಗುತ್ತಿತ್ತು.

"ಆದರೆ," ಅಂದಳು, ಹೊದಿಕೆ ಸರಿಸಿ,
"ನಡುವೆ ಒಂದು ಆಟೋ ಹಾರನ್ ಬರುತ್ತಲ್ಲ,
ಆಗ ನೀವು ಗೇಟಿನ ಕಡೆ ತಿರುಗಿದ್ದು ಆರು ಸಲ.
ಅದನ್ನೂ ಬರೆದಿಟ್ಟಿದ್ದೀನಿ."
"ಯಾವುದಕ್ಕೆ?"
"ಗಾಜಿನದಕ್ಕೆ ನಾಲ್ಕು, ಕರಿಯದಕ್ಕೆ ಎರಡು."

ನನಗೇ ತಿಳಿಯದೆ ನನ್ನ ಕತ್ತು ಮುಳ್ಳಾಗಿತ್ತು!
ಆರಕ್ಕೆ ನಾಲ್ಕು, ಲೆಕ್ಕಕ್ಕೆ ಸಾಲದು,
ಇನ್ನೂ ನಲವತ್ತು ಸಲವಾದರೂ ಮಾಡಬೇಕು ಎಂದೆ.
"ಹುಳಿ ಆರಿಹೋಗುತ್ತೆ," ಎಂದಳು.

ಅಷ್ಟರಲ್ಲಿ ಹಾರನ್.
ಇಬ್ಬರೂ ತಿರುಗಿದೆವು.
ಟೇಪು ನಿಂತು ಎಷ್ಟೋ ಹೊತ್ತಾಗಿತ್ತು.
ಗೇಟಿನಾಚೆ ಸಿಲಿಂಡರಿನ ಆಟೋ, ಹುಡುಗ ಕಬ್ಬಿಣ ಕುಟ್ಟುತ್ತಿದ್ದ.
ನಾನು ಚಪ್ಪಲಿ ಹುಡುಕಿದೆ.
ಇದನ್ನು ಯಾವ ಸಾಲಿಗೆ ಹಾಕುವುದೆಂದು
ವಾರಿಜ ಪೆನ್ಸಿಲ್ ಎತ್ತಿಹಿಡಿದು ನಿಂತಿದ್ದಳು.